ಸ್ಟ್ರೋಕ್ ಆಗಿ ಎರಡು ವರ್ಷ. ಈಗ ಸ್ಪೀಚ್ ಥೆರಪಿಯಿಂದ ಉಪಯೋಗ ಇದೆಯಾ?

ಪ್ರಶ್ನೆ: ಮೇಡಂ, ಅಪ್ಪನಿಗೆ 64 ವರ್ಷ. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಯಿತು. ನಾವು ಹೇಳಿದ್ದು ಬಹುಪಾಲು ಅರ್ಥವಾಗುತ್ತದೆ. ಮಾತಾಡಲು ಹೋದರೆ ಪದ ಸಿಗುವುದಿಲ್ಲ. ಕನ್ನಡಕ ಬೇಕಾದರೆ "ಅದು... ಕೊಡು... ಅದು" ಎನ್ನುತ್ತಾರೆ. ಆಮೇಲೆ ಸಿಟ್ಟು ಬಂದು ಸುಮ್ಮನಾಗುತ್ತಾರೆ. ಆರು ತಿಂಗಳಲ್ಲಿ ಬಂದಷ್ಟೇ ಮಾತು ಅಂತ ಯಾರೋ ಹೇಳಿದರು, ಥೆರಪಿ ಬಿಟ್ಟೆವು. ಅದು ನಿಜವಾ?

ಉತ್ತರ: ಈ ಆರು ತಿಂಗಳ ಮಾತನ್ನು ನಾನು ಕೇಳದ ವಾರವೇ ಇಲ್ಲ! ಮಿದುಳು ತಾನಾಗಿ ಚೇತರಿಸಿಕೊಳ್ಳುವುದು ಮೊದಲ ತಿಂಗಳುಗಳಲ್ಲೇ ಜಾಸ್ತಿ, ಅಷ್ಟು ನಿಜ. ಆಮೇಲೆ ನಿಧಾನವಾಗುತ್ತದೆ. ನಿಂತೇ ಹೋಗುತ್ತದೆ ಅನ್ನುವುದು ಸರಿಯಲ್ಲ.

ನಿಮ್ಮ ತಂದೆಯವರ ತೊಂದರೆ ಅಫೇಸಿಯಾದಂತೆ ಕಾಣುತ್ತದೆ, ಅಂದರೆ ಮಿದುಳಿಗೆ ಪೆಟ್ಟಾಗಿ ಭಾಷೆಗೆ ಬರುವ ತೊಡಕು. ಕನ್ನಡಕ ಯಾವುದು, ಯಾತಕ್ಕೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಹೆಸರು ಮಾತ್ರ ಬಾಯಿಗೆ ಬರುತ್ತಿಲ್ಲ.

ಆರು ತಿಂಗಳು ದಾಟಿದ ಮೇಲೂ ಥೆರಪಿಯಿಂದ ಉಪಯೋಗ ಇದೆಯಾ ಅಂತ ಜರ್ಮನಿಯ 19 ಕೇಂದ್ರಗಳಲ್ಲಿ ಪರೀಕ್ಷಿಸಿದರು. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 158 ಜನ, ಎಲ್ಲರಿಗೂ ಸ್ಟ್ರೋಕ್ ಆಗಿ ಆರು ತಿಂಗಳು ದಾಟಿತ್ತು. ಸುಮಾರು ಅರ್ಧ ಜನಕ್ಕೆ ವಾರಕ್ಕೆ ಕನಿಷ್ಠ 10 ಗಂಟೆಯಂತೆ ಮೂರು ವಾರ ಥೆರಪಿ ಕೊಟ್ಟರು. ಉಳಿದವರನ್ನು ಅಷ್ಟು ದಿನ ಕಾಯಿಸಿದರು. ಥೆರಪಿ ಸಿಕ್ಕವರ ದಿನಬಳಕೆಯ ಮಾತು ಸುಧಾರಿಸಿತು, ಕಾದವರದ್ದು ಇದ್ದ ಹಾಗೇ ಇತ್ತು. ಆರು ತಿಂಗಳ ನಂತರ ನೋಡಿದಾಗಲೂ ಆ ಲಾಭ ಉಳಿದಿತ್ತು. ಪವಾಡವೇನಲ್ಲ, ಸುಧಾರಣೆ ಸಣ್ಣದೇ. ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಅಷ್ಟೂ ಬರಲಿ ಅಂದರೆ ಬರುವುದಿಲ್ಲ.

ಪ್ರಶ್ನೆ: ವಾರಕ್ಕೆ 10 ಗಂಟೆ ನಮ್ಮಿಂದ ಕಷ್ಟ ಮೇಡಂ. ಕಂಪ್ಯೂಟರಲ್ಲಿ ಅಭ್ಯಾಸ ಮಾಡಿಸಿದರೆ ಸಾಕಾ?

ಉತ್ತರ: ಅದನ್ನೂ ನೋಡಿದ್ದಾರೆ. ಬ್ರಿಟನ್‌ನಲ್ಲಿ 278 ಜನರ ಅಧ್ಯಯನ, 2019ರದ್ದು. ಮನೆಯಲ್ಲೇ ಆರು ತಿಂಗಳು ಕಂಪ್ಯೂಟರ್ ಅಭ್ಯಾಸ. ಕಲಿತ ಪದಗಳು ಚೆನ್ನಾಗಿ ಬಂದವು. ಆದರೆ ಮಾತುಕತೆ ಸುಧಾರಿಸಲಿಲ್ಲ. ತೆರೆಯ ಮೇಲೆ ಹೇಳಿದ ಪದ ತಾನಾಗಿ ಮಾತಿಗೆ ಬರುವುದಿಲ್ಲ, ಅಲ್ವಾ? ಹಾಗಾಗಿ ಅಭ್ಯಾಸ ಮಾಡಿಸಿ, ಆದರೆ ಅದೇ ಪದ ಅದೇ ದಿನ ಮನೆಯ ಮಾತಿನಲ್ಲೂ ಬೇಕಾಗುವಂತೆ ನೋಡಿಕೊಳ್ಳಿ.

ಒಂದು ಕೇಳುತ್ತೇನೆ. ಅವರು "ಅದು" ಅಂದ ಕೂಡಲೇ ನೀವೇ ಪದ ಹೇಳಿಬಿಡುತ್ತೀರಾ?

ಪ್ರಶ್ನೆ: ಅಮ್ಮ ಹೇಳಿಬಿಡುತ್ತಾರೆ. ಅಪ್ಪ ಒದ್ದಾಡುವುದನ್ನು ನೋಡಲಾಗುವುದಿಲ್ಲ ಪಾಪ.

ಉತ್ತರ: ಅಮ್ಮನಿಗೆ ಬೈಯಬೇಡಿ. ಟಿವಿ ಆರಿಸಿ, ಮನಸ್ಸಿನಲ್ಲೇ ಹತ್ತು ಎಣಿಸಲು ಹೇಳಿ. ಆಮೇಲೂ ಬರದಿದ್ದರೆ "ಹಾಕಿಕೊಳ್ಳುವುದಾ, ತಿನ್ನುವುದಾ?" ಅಂತ ಕೇಳಲಿ. ಪೆನ್ನು, ಕಾಗದ ಪಕ್ಕದಲ್ಲಿರಲಿ, ಚಿತ್ರ ಬರೆದರೂ ಅದು ಮಾತೇ. ಮನೆಯವರಿಗೆ ಹೀಗೆ ತರಬೇತಿ ಕೊಡುವುದೂ ಥೆರಪಿಯ ಭಾಗ, ಕೇಳಿ ಪಡೆಯಿರಿ.

ಥೆರಪಿಸ್ಟ್ ಹತ್ತಿರ ಮತ್ತೆ ಹೋಗುವಾಗ ಇಪ್ಪತ್ತು ಪದಗಳ ಪಟ್ಟಿ ತೆಗೆದುಕೊಂಡು ಹೋಗಿ. ಆರಿಸುವುದು ಅಪ್ಪನೇ ಆಗಿರಲಿ. ನನ್ನ ಹತ್ತಿರ ಬರುತ್ತಿದ್ದ ಒಬ್ಬರು ಮೊದಲು ತೋರಿಸಿದ್ದು ನಾಯಿಯ ಫೋಟೋ. ಹೆಂಡತಿ ಪಕ್ಕದಲ್ಲೇ ಕೂತಿದ್ದರು, ಅವರ ಸರದಿ ಬಂದದ್ದು ಮೂರನೆಯದಕ್ಕೆ!