ಒಂದೇ ಎಳೆಯಲ್ಲಿ ಟನ್ನಿಗೆ 38 ಗ್ರಾಂ ಚಿನ್ನ, ಪಕ್ಕದಲ್ಲೇ 0.4. ಯಾವುದನ್ನು ನಂಬೋದು?

ಹೊಸ_ಸುತ್ತಿಗೆ:
ಬೆಣಚುಕಲ್ಲಿನ ಒಂದು ಎಳೆ (ಬಂಡೆಯ ಬಿರುಕಿನಲ್ಲಿ ತುಂಬಿಕೊಂಡ ಪಟ್ಟಿ) ನೋಡುತ್ತಿದ್ದೇವೆ. ಮೇಲ್ಗಡೆ ಸುಮಾರು 200 ಮೀಟರ್ ಉದ್ದಕ್ಕೆ ಕಾಣುತ್ತದೆ, ಅಗಲ ಅರ್ಧ ಮೀಟರ್ ಇದ್ದರೆ ಜಾಸ್ತಿ. ಒಂದು ಚೂರಿಗೆ ಟನ್ನಿಗೆ 38 ಗ್ರಾಂ ಚಿನ್ನ ಅಂತ ಬಂತು, ಎರಡು ಮೀಟರ್ ಆಚೆ ಒಡೆದದ್ದಕ್ಕೆ 0.4. ಮೊದಲ ಡ್ರಿಲ್ ಹೋಲ್‌ನಲ್ಲಿ ಎಳೆ ಸಿಕ್ಕಿತು, ಚಿನ್ನ ಇಲ್ಲ ಅನ್ನುವಷ್ಟು ಕಡಿಮೆ. ಲ್ಯಾಬ್ ತಪ್ಪಾ, ಇಲ್ಲಾ ಕೈಬಿಡೋದಾ?

ಕೋರ್_ಪೆಟ್ಟಿಗೆ:
ಲ್ಯಾಬ್‌ನವರನ್ನು ಬೈಯುವ ಮೊದಲು ಒಂದು ಲೆಕ್ಕ ಹಾಕಿ. 1 ಮಿಲಿಮೀಟರ್ ಗಾತ್ರದ ಚಿನ್ನದ ಕಾಳು ಸುಮಾರು 10 ಮಿಲಿಗ್ರಾಂ ತೂಗುತ್ತದೆ. ಕುಲುಮೆಗೆ ಹೋಗುವುದು ಸಾಮಾನ್ಯವಾಗಿ 30 ಇಲ್ಲವೇ 50 ಗ್ರಾಂ ಪುಡಿ. ಆ 50 ಗ್ರಾಂನಲ್ಲಿ ಅಷ್ಟು ಚಿನ್ನ ಸೇರಿದರೆ ಟನ್ನಿಗೆ 200 ಗ್ರಾಂ, ಸೇರದಿದ್ದರೆ ಹೆಚ್ಚುಕಮ್ಮಿ ಸೊನ್ನೆ! ದಪ್ಪ ಚಿನ್ನ ಇರುವ ಎಳೆಯಲ್ಲಿ ಇದು ಮಾಮೂಲಿ. ಸ್ಕ್ರೀನ್ ಫೈರ್ ಅಸ್ಸೇ ಮಾಡಿಸಿ: ಒಂದು ಕಿಲೋದಷ್ಟು ಪುಡಿಯನ್ನು ಜರಡಿ ಹಿಡಿದು, ಮೇಲೆ ಉಳಿದದ್ದನ್ನು ಪೂರ್ತಿ, ಕೆಳಗೆ ಬಿದ್ದದ್ದನ್ನು ಬೇರೆಯಾಗಿ ಪರೀಕ್ಷೆ ಮಾಡುತ್ತಾರೆ. ಆಮೇಲೆ ಆ 38ರ ಚೂರು ನೀವೇ ಆರಿಸಿದ್ದು ಅಲ್ವಾ? ಕೈ ಯಾವಾಗಲೂ ಚೆಂದದ ಕಲ್ಲಿನ ಕಡೆಗೇ ಹೋಗುತ್ತದೆ. ಎಳೆಗೆ ಅಡ್ಡಲಾಗಿ ಚಾನೆಲ್, ಅಂದರೆ ಸಣ್ಣ ಕಾಲುವೆಯಂಥ ಗೀರು, ಕೊರೆದು ಸ್ಯಾಂಪಲ್ ತೆಗೆಯಿರಿ, ಎರಡೂ ಬದಿಯ ಕಲ್ಲನ್ನು ಬೇರೆ ಚೀಲಕ್ಕೆ ಹಾಕಿ.

ಓರೆ_ಪದರ:
ಲ್ಯಾಬ್ ವಿಷಯ ಸರಿ, ಆದರೆ ಒಂದೇ ಹೋಲ್ ನೋಡಿ ಯಾಕೆ ಸೋಲೊಪ್ಪುತ್ತೀರಿ? ಎಳೆ ಉದ್ದಕ್ಕೂ ಇರುತ್ತದೆ, ಚಿನ್ನ ಹಾಗಿರಲ್ಲ. ಎಳೆ ಬಾಗಿದ ಕಡೆ, ಇನ್ನೊಂದು ಬಿರುಕು ಬಂದು ಸೇರುವ ಕಡೆ ಗುಂಪುಗೂಡಿ, ಓರೆಯಾಗಿ ಕೆಳಗಿಳಿಯುವ ಕಂಬದ ಥರ ಇರುತ್ತದೆ. ಬದಿಯ ಕಲ್ಲು ಯಾವುದು ಅಂತಲೂ ನೋಡಿ. ಚಿನ್ನ ಬಿಸಿನೀರಿನಲ್ಲಿ ಗಂಧಕದ ಜೊತೆ ಬಂದಿರುತ್ತದೆ. ಕಬ್ಬಿಣ ಜಾಸ್ತಿ ಇರುವ ಕಲ್ಲು ಆ ಗಂಧಕ ಕಿತ್ತುಕೊಂಡು ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಆಗುತ್ತದೆ, ಚಿನ್ನ ಅಲ್ಲೇ ಕೂರುತ್ತದೆ.

ಹೊಸ_ಸುತ್ತಿಗೆ:
ಕೋರ್‌ನಲ್ಲಿ (ಡ್ರಿಲ್ ಹೋಲ್‌ನಿಂದ ತೆಗೆದ ಕಲ್ಲಿನ ಕೋಲು) ಎಳೆ 1 ಮೀಟರ್ ಇದೆ. ಕೆಳಗೆ ದಪ್ಪ ಆಗಿದೆ ಅಂತ ಖುಷಿಪಟ್ಟಿದ್ದೆ.

ಕೋರ್_ಪೆಟ್ಟಿಗೆ:
ಕೋರ್ ಉದ್ದಕ್ಕೂ ಎಳೆಗೂ ನಡುವಿನ ಕೋನ ಎಷ್ಟು? 30 ಡಿಗ್ರಿ ಇದ್ದರೆ ನಿಜವಾದ ದಪ್ಪ ಅದರ ಅರ್ಧ.

ಹೊಸ_ಸುತ್ತಿಗೆ:
ಈಗಷ್ಟೇ ಅಳೆದೆ. ಸುಮಾರು 30 😐 ಕತ್ತರಿಸಿ ಉಳಿದ ಅರ್ಧ ಕೋರ್ ಪೆಟ್ಟಿಗೆಯಲ್ಲೇ ಇದೆ, ಅದರಿಂದ ಒಂದಷ್ಟು ಸ್ಕ್ರೀನ್ ಅಸ್ಸೇಗೆ ಕಳಿಸುತ್ತೇನೆ.