ನಾರ್ತ್ ರೈನ್-ವೆಸ್ಟ್‌ಫಾಲಿಯಾ: ಎರಡು ಸೀಮೆಗಳನ್ನು ಒಂದು ರಾಜ್ಯವಾಗಿಸಿದ್ದೇಕೆ?

ಪ್ರಶ್ನೆ | ಭೂಗೋಳಾಸಕ್ತ

ಜರ್ಮನಿಯ ಹದಿನಾರು ರಾಜ್ಯಗಳಲ್ಲಿ ಅತಿ ಹೆಚ್ಚು ಜನರಿರುವುದು ನಾರ್ತ್ ರೈನ್-ವೆಸ್ಟ್‌ಫಾಲಿಯಾದಲ್ಲಿ. ಸುಮಾರು 34,000 ಚದರ ಕಿಲೋಮೀಟರ್ ನೆಲದಲ್ಲಿ 1 ಕೋಟಿ 80 ಲಕ್ಷದಷ್ಟು ಮಂದಿ ಅಲ್ಲಿ ವಾಸವಾಗಿದ್ದಾರೆ. ಬವೇರಿಯಾದಂತೆ ಇದಕ್ಕೆ ಶತಮಾನಗಳ ಅರಸೊತ್ತಿಗೆಯ ಹಿನ್ನೆಲೆಯಿಲ್ಲ; 1946ರ ಆಗಸ್ಟ್ 23ರಂದು ಬ್ರಿಟಿಷ್ ಸೇನಾಡಳಿತವು ರೈನ್ ಪ್ರಾಂತದ ಉತ್ತರ ಭಾಗವನ್ನೂ ವೆಸ್ಟ್‌ಫಾಲಿಯಾವನ್ನೂ ಒಂದು ಆದೇಶದಿಂದ ಜೋಡಿಸಿತೆಂದು ಓದಿದ್ದೇನೆ. ನಡೆನುಡಿಯಲ್ಲಿ ಬೇರೆಯಾಗಿದ್ದ ಈ ಎರಡು ಸೀಮೆಗಳನ್ನು ಸೇರಿಸಿದ್ದೇಕೆ? ಅವು ನಿಜಕ್ಕೂ ಒಂದಾಗಿವೆಯೆ?

ಉತ್ತರ | ಇತಿಹಾಸ ವಿದ್ಯಾರ್ಥಿ

ಒಂದೇ ಮಾತಿನಲ್ಲಿ ಹೇಳುವುದಾದರೆ, ಕಲ್ಲಿದ್ದಲಿಗಾಗಿ. ರೂರ್ ಪ್ರದೇಶದ ಗಣಿಗಳೂ ಉಕ್ಕಿನ ಕಾರ್ಖಾನೆಗಳೂ ಹಳೆಯ ಪ್ರಾಂತಗಳ ಗಡಿಯ ಎರಡೂ ಬದಿಗೆ ಹರಡಿಕೊಂಡಿದ್ದವು: ಎಸೆನ್ ಮತ್ತು ಡ್ಯೂಸ್‌ಬುರ್ಗ್ ರೈನ್ ಪ್ರಾಂತಕ್ಕೆ ಸೇರಿದ್ದರೆ, ಬೋಖುಮ್ ಮತ್ತು ಡಾರ್ಟ್‌ಮಂಡ್ ವೆಸ್ಟ್‌ಫಾಲಿಯಾಕ್ಕೆ ಸೇರಿದ್ದವು. ಯುದ್ಧ ಮುಗಿದ ಮೇಲೆ ಫ್ರಾನ್ಸ್ ಈ ಪ್ರದೇಶವನ್ನು ಜರ್ಮನಿಯಿಂದ ಬೇರ್ಪಡಿಸಿ ಅಂತರರಾಷ್ಟ್ರೀಯ ಹತೋಟಿಗೆ ಒಳಪಡಿಸಬೇಕೆಂದು ಪಟ್ಟುಹಿಡಿದಿತ್ತು. ಸೋವಿಯತ್ ಒಕ್ಕೂಟವೂ ಅದರ ಮೇಲಿನ ನಿಯಂತ್ರಣದಲ್ಲಿ ಪಾಲು ಕೇಳುತ್ತಿತ್ತು. ರೂರ್ ಅನ್ನು ಇಡಿಯಾಗಿ ಒಂದು ದೊಡ್ಡ ರಾಜ್ಯದ ನಡುವೆ ಇಟ್ಟುಬಿಟ್ಟರೆ ಅದನ್ನು ಕಿತ್ತುಕೊಳ್ಳುವುದು ಸುಲಭವಲ್ಲವೆಂದು ಬ್ರಿಟಿಷರು ಲೆಕ್ಕಹಾಕಿದರು. ಈ ಕಾರ್ಯಾಚರಣೆಗೆ ಅವರು ಇಟ್ಟ ಗುಪ್ತನಾಮ ‘ಮದುವೆ’. 1947ರ ಜನವರಿಯಲ್ಲಿ ಲಿಪ್ಪೆ ಎಂಬ ಪುಟ್ಟ ಸೀಮೆಯೂ ಬಂದು ಸೇರಿತು. ರಾಜ್ಯದ ಲಾಂಛನದಲ್ಲಿ ರೈನ್ ನದಿಯ ಅಲೆ, ವೆಸ್ಟ್‌ಫಾಲಿಯಾದ ಬಿಳಿ ಕುದುರೆ ಮತ್ತು ಲಿಪ್ಪೆಯ ಗುಲಾಬಿ ಮೂರೂ ಇರುವುದು ಇದೇ ಕಾರಣಕ್ಕೆ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ‘ಆಗಿಲ್ಲ’ ಎಂಬುದು. ಇಂದಿಗೂ ರೂರ್ ಪ್ರದೇಶವು ಡ್ಯೂಸೆಲ್ಡಾರ್ಫ್, ಮ್ಯೂನ್‌ಸ್ಟರ್, ಆರ್ನ್ಸ್‌ಬೆರ್ಗ್ ಎಂಬ ಮೂರು ಆಡಳಿತ ವಿಭಾಗಗಳಲ್ಲಿ ಹಂಚಿಹೋಗಿದೆ.

ಉತ್ತರ | ನದೀತೀರ

ಕಲ್ಲಿದ್ದಲಿನ ಮಾತು ಬಂದುದರಿಂದ ನೆಲದ ಕಥೆಯನ್ನೂ ಹೇಳಲೇಬೇಕು. ಅಲ್ಲಿನ ಕಲ್ಲಿದ್ದಲಿನ ಪದರಗಳು ದಕ್ಷಿಣದಲ್ಲಿ, ರೂರ್ ನದಿಯ ಬಳಿ, ನೆಲದ ಮೇಲ್ಮೈಗೆ ಹತ್ತಿರದಲ್ಲಿದ್ದು ಉತ್ತರಕ್ಕೆ ಹೋದಂತೆಲ್ಲ ಆಳಕ್ಕಿಳಿಯುತ್ತವೆ. ಆದ್ದರಿಂದ ಗಣಿಗಳೂ ರೂರ್‌ನಿಂದ ಎಂಷರ್ ನದಿಯತ್ತ, ಅಲ್ಲಿಂದ ಲಿಪ್ಪೆ ನದಿಯತ್ತ ಸಾಗುತ್ತ ಹೋದವು. ಬಾಟ್ರೋಪ್‌ನ ಪ್ರಾಸ್ಪರ್-ಹಾನಿಯೆಲ್ ಗಣಿ 2018ರ ಡಿಸೆಂಬರ್ 21ರಂದು ಮುಚ್ಚಿದಾಗ, ಕಾರ್ಮಿಕರು ಕೊನೆಯ ಕಲ್ಲಿದ್ದಲಿನ ತುಂಡನ್ನು ರಾಷ್ಟ್ರಾಧ್ಯಕ್ಷ ಸ್ಟೈನ್‌ಮಾಯರ್ ಅವರ ಕೈಗಿತ್ತರು.

ಆದರೆ ಗಣಿಯ ಋಣ ಅಷ್ಟಕ್ಕೇ ತೀರಲಿಲ್ಲ. ಒಳಗೆ ಟೊಳ್ಳಾದ ನೆಲ ಕೆಲವೆಡೆ 20 ಮೀಟರ್‌ಗೂ ಹೆಚ್ಚು ಕುಸಿದಿರುವುದರಿಂದ, ಹಗಲಿರುಳು ಪಂಪು ಹಾಕಿ ನೀರನ್ನು ಮೇಲೆತ್ತದಿದ್ದರೆ ಜನವಸತಿಯಿರುವ ವಿಶಾಲ ಪ್ರದೇಶ ಕೆರೆಯಾಗುತ್ತದೆ. ಈ ಕೆಲಸಕ್ಕೆ ಕೊನೆಯೆಂಬುದಿಲ್ಲ. ಎಂಷರ್ ನದಿಯ ಪಾಡಂತೂ ಇನ್ನೂ ಕಠೋರ. ಕುಸಿಯುವ ನೆಲದಲ್ಲಿ ಒಳಚರಂಡಿಯ ಕೊಳವೆ ಹೂತರೆ ಒಡೆದುಹೋಗುವುದೆಂದು, ಇಡೀ ನದಿಯನ್ನೇ ಕಾಂಕ್ರೀಟ್ ಕಾಲುವೆಯಾಗಿಸಿ ಕೊಳಚೆ ನೀರನ್ನು ತೆರೆದೇ ಹರಿಯಬಿಟ್ಟಿದ್ದರು. ಆ ಭಾಗದ ಗಣಿಗಾರಿಕೆ ನಿಂತ ಮೇಲಷ್ಟೇ ಡಾರ್ಟ್‌ಮಂಡ್‌ನಿಂದ ಡಿನ್ಸ್‌ಲಾಕೆನ್‌ವರೆಗೆ 51 ಕಿಲೋಮೀಟರ್ ಉದ್ದದ ನೆಲದಡಿಯ ಕೊಳವೆ ಹಾಕಲು ಸಾಧ್ಯವಾಯಿತು. 1992ರಲ್ಲಿ ಆರಂಭವಾದ ಈ ನದಿ ಪುನರುಜ್ಜೀವನಕ್ಕೆ ಮೂರು ದಶಕಗಳೂ 500 ಕೋಟಿ ಯೂರೋಗಿಂತ ಹೆಚ್ಚು ಹಣವೂ ಹಿಡಿದವು. ಆಧುನಿಕ ಯುರೋಪಿನ ಸಾರ್ವಜನಿಕ ಕಾಮಗಾರಿಗಳಲ್ಲಿ ಇದಕ್ಕಿಂತ ಗೌರವಾರ್ಹವಾದುದನ್ನು ನಾನು ಕಂಡಿಲ್ಲ.

ಉತ್ತರ | ರೈನ್ ದಂಡೆಯ ಕನ್ನಡತಿ

ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ‘ಒಂದಾಗಿಲ್ಲ’ ಎಂಬ ತೀರ್ಪು ಪೂರ್ತಿ ಸರಿಯೆನಿಸುವುದಿಲ್ಲ. ಕಾರ್ನಿವಲ್ ಹಬ್ಬದಲ್ಲಿ ಕಲೋನ್‌ನವರು ‘ಅಲಾಫ್’ ಎಂದು ಕೂಗಿದರೆ, ಹತ್ತಿರದ ಡ್ಯೂಸೆಲ್ಡಾರ್ಫ್‌ನವರ ಘೋಷ ‘ಹೆಲಾವ್’. ರೈನ್ ದಂಡೆಯೊಳಗೇ ಇಷ್ಟು ಭೇದವಿರುವಾಗ ವೆಸ್ಟ್‌ಫಾಲಿಯಾದವರ ದೂರವನ್ನು ಮಾತ್ರ ದೊಡ್ಡದಾಗಿ ಎಣಿಸುವುದೇಕೆ?

ಕಲೋನ್‌ನ ಬಿಯರ್ ಮನೆಗಳ ಪದ್ಧತಿಯೊಂದನ್ನು ಹೇಳುತ್ತೇನೆ. ಅಲ್ಲಿ ಕ್ಯೋಲ್ಷ್ ಎಂಬ ಬಿಯರನ್ನು 200 ಮಿಲಿಲೀಟರಿನ ನೀಳ ಲೋಟದಲ್ಲಿ ಕೊಡುತ್ತಾರೆ. ಲೋಟ ಬರಿದಾದೊಡನೆ ಬಡಿಸುವವನು ಕೇಳದೆಯೇ ಇನ್ನೊಂದನ್ನಿಟ್ಟು, ಲೋಟದಡಿಯ ರಟ್ಟಿನ ಮೇಲೆ ಪೆನ್ಸಿಲಿನಿಂದ ಗೀಟೆಳೆದು ಹೋಗುತ್ತಾನೆ. ಸಾಕೆನಿಸಿದರೆ ಆ ರಟ್ಟನ್ನು ಲೋಟದ ಬಾಯಿಗೆ ಮುಚ್ಚಬೇಕು. ಇನ್ನು ವೆಸ್ಟ್‌ಫಾಲಿಯಾದ ಮ್ಯೂನ್‌ಸ್ಟರ್ ಎಂದರೆ ಸೈಕಲ್‌ಗಳ ಊರು, ಮೂವತ್ತು ವರ್ಷಗಳ ಯುದ್ಧವನ್ನು ಕೊನೆಗಾಣಿಸಿದ 1648ರ ಶಾಂತಿ ಒಪ್ಪಂದಗಳ ಊರು.

ಇವೆರಡರ ನಡುವೆ ಪೋಲೆಂಡ್ ಕಡೆಯಿಂದ, ಆಮೇಲೆ 1961ರ ಒಪ್ಪಂದದ ತರುವಾಯ ಟರ್ಕಿಯಿಂದ, ಗಣಿಗೂ ಕಾರ್ಖಾನೆಗೂ ದುಡಿಯಲು ಬಂದ ಕುಟುಂಬಗಳಿವೆ. ಅವರ ಮೊಮ್ಮಕ್ಕಳಿಗೆ ತಾವು ರೈನ್‌ನವರೋ ವೆಸ್ಟ್‌ಫಾಲಿಯಾದವರೋ ಎಂಬ ಪ್ರಶ್ನೆಯೇ ಮುಖ್ಯವಲ್ಲ. ಕೇಳಿದರೆ ರೂರ್‌ನವರು ಎನ್ನುತ್ತಾರೆ.

ಮರುಪ್ರಶ್ನೆ | ಭೂಗೋಳಾಸಕ್ತ

ಮೂವರಿಗೂ ಧನ್ಯವಾದಗಳು. ಒಂದೇ ದಿನದ ಬಿಡುವಿದ್ದರೆ ಕಲೋನ್ ಕೆಥೆಡ್ರಲ್ ಅಲ್ಲದೆ ಬೇರೇನನ್ನು ನೋಡಬೇಕು?

ಉತ್ತರ | ಇತಿಹಾಸ ವಿದ್ಯಾರ್ಥಿ

ಎಸೆನ್ ನಗರದ ಜೋಲ್‌ಫೆರೈನ್ ಗಣಿಗೆ ಹೋಗಿ. 1986ರಲ್ಲಿ ಮುಚ್ಚಿದ ಆ ಗಣಿ 2001ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ತಾಣವಾಗಿದೆ. ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡದಲ್ಲಿಯೇ ಈಗ ರೂರ್ ವಸ್ತುಸಂಗ್ರಹಾಲಯವಿದೆ. ಅದಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಿ.