ಫ್ರೀಜ್‌ಗೆ ಹೆಪ್ಪು ಬೇಡ: ಧೂಳಿನ ಲೆಕ್ಕದ ಚಿತ್ರಗಳಿಗೆ ಪದ ಹುಡುಕುತ್ತಿದ್ದೇನೆ

ಎಲ್ಲರಿಗೂ ನಮಸ್ಕಾರ.

ಪುಣೆಯ ಭೋಸರಿಯಿಂದ ಬರೆಯುತ್ತಿದ್ದೇನೆ. ನಮ್ಮದು ಕಾರ್ಖಾನೆಗಳ ಧೂಳು ಹಿಡಿಯುವ ಸೈಕ್ಲೋನ್ ಎಂಬ ಮಷಿನ್ ಮಾಡುವ ಕೆಲಸ. ಈ ಸಲದ ಗಿರಾಕಿ ಕಲಬುರಗಿ ಕಡೆಯ ಒಂದು ದಾಲ್ ಮಿಲ್ಲು. ತೊಗರಿ ಬೇಳೆ ಮಾಡುವಾಗ ಏಳುವ ಹೊಟ್ಟು, ನುಚ್ಚು, ಧೂಳು ಎಲ್ಲ ಗಾಳಿಯ ಜೊತೆ ಸೈಕ್ಲೋನ್‌ಗೆ ಬರುತ್ತವೆ. ಮಷಿನ್ ಕಟ್ಟುವ ಮೊದಲು ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡಿ ಚಿತ್ರ ತೆಗೆದು ಕಳಿಸುವುದು ನಮ್ಮ ರೂಢಿ. ಮಿಲ್ಲಿನ ಮಾಲೀಕರು ಒಂದು ಮಾತು ಹೇಳಿದರು: ವರದಿ ಇಂಗ್ಲಿಷಿನಲ್ಲೇ ಇರಲಿ, ಚಿತ್ರದ ಕೆಳಗಿನ ಬರಹ ಮಾತ್ರ ಕನ್ನಡದಲ್ಲಿ ಬೇಕು, ಮಷಿನ್ ನಡೆಸುವ ಹುಡುಗರು ಓದಬೇಕು. ನ್ಯಾಯವಾದ ಮಾತು ಅಲ್ವಾ. ಆಫೀಸಿನಲ್ಲಿ ಕನ್ನಡ ಬರೆಯಲು ಬರುವವನು ನಾನೊಬ್ಬನೇ, ಹಾಗಾಗಿ ಆ ಬರಹಕ್ಕೆ ಪದ ಹುಡುಕುವ ಕೆಲಸ ನನ್ನದಾಯಿತು. ಒಂದೆರಡು ಕಡೆ ನಿಮ್ಮ ಸಹಾಯ ಬೇಕು. ಅಕ್ಕಲಕೋಟೆಯ ಗೆಳೆಯರೊಬ್ಬರಿದ್ದಾರೆ, ಮನೆಮಾತು ಕನ್ನಡ, ಶಾಲೆ ಕಲಿತದ್ದು ಮರಾಠಿಯಲ್ಲಿ. ಅವರಿಗೆ ಓದಲು ಬಾರದು, ಆದರೆ ಒಂದು ಪದ ಕಿವಿಗೆ ಸರಿ ಬರುತ್ತದೋ ಇಲ್ಲವೋ ಎಂದು ಹೇಳುವುದರಲ್ಲಿ ನನಗಿಂತ ಮುಂದು.

ಮೊದಲು ಸೈಕ್ಲೋನ್ ಒಳಗೆ ಏನಾಗುತ್ತದೆ ಎಂದು ಹೇಳಿಬಿಡುತ್ತೇನೆ. ಧೂಳು ತುಂಬಿದ ಗಾಳಿ ಮೇಲ್ಭಾಗದ ಪಕ್ಕದ ಬಾಯಿಂದ ಒಳಗೆ ನುಗ್ಗುತ್ತದೆ. ಗೋಡೆಯ ಗುಂಟ ಸುತ್ತುತ್ತಾ ಕೆಳಗಿಳಿಯುತ್ತದೆ. ಕೆಳಗೆ ಹೋದದ್ದು ತಿರುಗಿ, ನಡುವಿನಲ್ಲಿ ಸುತ್ತುತ್ತಾ ಮೇಲೇರಿ, ಮೇಲಿನ ಕೊಳವೆಯಿಂದ ಹೊರಗೆ ಹೋಗುತ್ತದೆ. ಗಾಳಿ ಹೀಗೆ ತಿರುಗುವಾಗ ಭಾರದ ಚೂರುಗಳಿಗೆ ಅಷ್ಟು ಬೇಗ ತಿರುಗಲು ಆಗುವುದಿಲ್ಲ. ಅವು ಗೋಡೆಗೆ ಬಡಿದು, ಜಾರಿ, ಕೆಳಗಿನ ಡಬ್ಬಿಗೆ ಬೀಳುತ್ತವೆ. ಹಳ್ಳಿಯಲ್ಲಿ ರಾಶಿ ತೂರುವಾಗ ಕಾಳು ಕಾಲ ಬುಡಕ್ಕೆ, ಹೊಟ್ಟು ದೂರಕ್ಕೆ ಹೋಗುವ ಲೆಕ್ಕವೇ ಇದು.

ಸಾಫ್ಟ್‌ವೇರಿನಲ್ಲಿ ಇದನ್ನು ಎರಡು ಹಂತದಲ್ಲಿ ಮಾಡುತ್ತೇವೆ. ಮೊದಲು ಬರೀ ಗಾಳಿಯ ವೇಗ ಎಲ್ಲೆಲ್ಲಿ ಎಷ್ಟು ಎಂದು ಲೆಕ್ಕ. ಆಮೇಲೆ ಆ ಗಾಳಿಯೊಳಗೆ ಚೂರುಗಳನ್ನು ಬಿಟ್ಟು ಒಂದೊಂದೂ ಎಲ್ಲಿಗೆ ಹೋಯಿತು ಎಂದು ನೋಡುವುದು. ಧೂಳು ತೆಳುವಾಗಿದ್ದರೆ ಅದು ಗಾಳಿಯನ್ನು ಬದಲಿಸುವುದು ಕಡಿಮೆ, ಹಾಗಾಗಿ ಈ ದಾರಿ ನಡೆಯುತ್ತದೆ.

ಹಾಗಾಗಿ ಎರಡು ಬಗೆಯ ಗೆರೆ ಚಿತ್ರಗಳು ಬರುತ್ತವೆ. ಒಂದು ಸ್ಟ್ರೀಮ್‌ಲೈನ್, ಗಾಳಿಯದ್ದು. ಇನ್ನೊಂದು ಪಾರ್ಟಿಕಲ್ ಟ್ರಾಜೆಕ್ಟರಿ, ಚೂರಿನದ್ದು. ನೋಡಲು ಎರಡೂ ಒಂದೇ ಥರ: ಬಣ್ಣಬಣ್ಣದ ಸುರುಳಿ. ಹಳೆಯ ಒಂದು ಕನ್ನಡ ಕರಡಿನಲ್ಲಿ ಎರಡಕ್ಕೂ ‘ಹರಿವಿನ ಗೆರೆ’ ಎಂದೇ ಹಾಕಿದ್ದರು. ಅದನ್ನು ನೋಡಿದ ಮೇಸ್ತ್ರಿ ಗಾಬರಿಯಾಗಿದ್ದು ಸಹಜ. ಗೆರೆಗಳೆಲ್ಲ ಮೇಲಿನ ಕೊಳವೆಯಿಂದ ಹೊರಗೆ ಹೋಗುತ್ತಿವೆ, ಹಾಗಾದರೆ ಧೂಳೆಲ್ಲ ಹೊರಗೇ ಹೋಯಿತಲ್ಲ, ಮಷಿನ್ ಯಾಕೆ ತಗೊಳ್ಳಬೇಕು! ಅವರು ನೋಡಿದ್ದು ಗಾಳಿಯ ಗೆರೆ. ಗಾಳಿ ಹೊರಗೆ ಹೋಗಲೇಬೇಕು. ಚೂರಿನ ಗೆರೆ ಮುಂದಿನ ಪುಟದಲ್ಲಿತ್ತು, ಅದು ಗೋಡೆಗೆ ಬಡಿದು ಅಲ್ಲೇ ಮುಗಿದಿತ್ತು.

ಆದ್ದರಿಂದ ಸ್ಟ್ರೀಮ್‌ಲೈನ್‌ಗೆ ‘ಗಾಳಿಗೆರೆ’, ಟ್ರಾಜೆಕ್ಟರಿಗೆ ‘ಜಾಡು’ ಎಂದು ಇಟ್ಟಿದ್ದೇನೆ. ಪಥ ಎಂಬ ಪದ ಪಠ್ಯಪುಸ್ತಕದಲ್ಲಿದೆ, ಬಲ್ಲೆ. ಆದರೆ ಪಥ ಎಂದರೆ ಮೊದಲೇ ಹಾಕಿಟ್ಟ ದಾರಿ ಅನಿಸುತ್ತದೆ, ಉಪಗ್ರಹಕ್ಕೆ ಸರಿ. ಜಾಡು ಹಾಗಲ್ಲ. ಹೋದದ್ದರ ಹಿಂದೆ ಉಳಿಯುವುದು ಜಾಡು. ‘ಜಾಡು ಹಿಡಿ’ ಎಂದರೆ ಪಾರ್ಟಿಕಲ್ ಟ್ರೇಸಿಂಗ್‌ಗೂ ಹೊಂದುತ್ತದೆ. ಅಕ್ಕಲಕೋಟೆಯವರು ‘ಹಾದಿ’ ಸಾಕು ಎನ್ನುತ್ತಾರೆ. ನನಗೆ ಹಾದಿ ಯಾಕೋ ಒಪ್ಪಲಿಲ್ಲ. ಹಾದಿಯಲ್ಲಿ ನಡೆಯುವವರು ಬಹಳ ಜನ, ಇಲ್ಲಿ ಒಂದು ಚೂರು ಹೋದ ಕಡೆ ಇನ್ನೊಂದು ಹೋಗುವುದಿಲ್ಲ. ಗಾಳಿಯ ಕದಡುವಿಕೆಯನ್ನು ಸಾಫ್ಟ್‌ವೇರ್ ಚೀಟಿ ಎತ್ತಿದ ಹಾಗೆ ಸೇರಿಸುತ್ತದೆ. ಒಂದೇ ಜಾಗದಿಂದ, ಒಂದೇ ವೇಗದಿಂದ, ಒಂದೇ ಗಾತ್ರದ ಎರಡು ಚೂರು ಬಿಟ್ಟರೂ ಎರಡು ಬೇರೆ ಜಾಡು ಬರುತ್ತವೆ.

ಇನ್ನು ‘ಕಣ’. ಪಾರ್ಟಿಕಲ್ ಎಂದರೆ ಕಣ, ಇದರಲ್ಲಿ ಚರ್ಚೆ ಏನಿದೆ ಎಂದು ನೀವು ಕೇಳಬಹುದು. ಕಾಲೇಜು ಓದಿದವರಿಗೆ ಇಲ್ಲ. ಬೇಳೆ ಮಿಲ್ಲಿನವರಿಗೆ ಕಣ ಅಂದರೆ ರಾಶಿ ಮಾಡುವ ಜಾಗ, ಹಳಗನ್ನಡದ ಕಳ. ‘ಕಣದಲ್ಲಿ ವೇಗ ಜಾಸ್ತಿ’ ಎಂದು ಬರೆದರೆ ಯಾವ ಕಣ ಎಂದು ಒಂದು ಗಳಿಗೆಯಾದರೂ ನಿಲ್ಲುತ್ತಾರೆ. ಗುಳೇದಗುಡ್ಡದ ಖಣ ಬೇರೆ ಇದೆ, ಮಾತಿನಲ್ಲಿ ಅದೂ ಹತ್ತಿರವೇ. ಇಲ್ಲಿನ ಮರಾಠಿ ಗೆಳೆಯರಿಗೆ ಈ ತೊಂದರೆ ಇಲ್ಲ, ಅವರ ಕಣಕ್ಕೆ ಖಳೆ ಎಂಬ ಬೇರೆ ಪದ ಇದೆ. ಸದ್ಯಕ್ಕೆ ಬರೀ ‘ಕಣ’ ಎಂದು ಎಲ್ಲೂ ಬಿಟ್ಟಿಲ್ಲ. ‘ಧೂಳಿನ ಕಣ’, ‘ಹೊಟ್ಟಿನ ಚೂರು’ ಎಂದು ಜೋಡಿಯಾಗಿ ಬರೆಯುತ್ತಿದ್ದೇನೆ. ಕಾಳು ಎಂದು ಕರೆಯೋಣ ಎಂದರೆ ಧೂಳು ಕಾಳಲ್ಲ.

ಚಿತ್ರದ ಚುಕ್ಕಿಯದ್ದು ಇನ್ನೊಂದು ಕಥೆ. ಮಿಲ್ಲಿನ ಹುಡುಗನೊಬ್ಬ ಫೋನಿನಲ್ಲಿ ಕೇಳಿದ: “ಇಷ್ಟು ದಪ್ಪನ ಚೂರು ನಮ್ಮ ಧೂಳಿನಾಗ ಎಲ್ಲಿ ಬರ್ತಾವ್ರೀ ಸರ್?” ಒಳ್ಳೆ ಪ್ರಶ್ನೆ. ಸೈಕ್ಲೋನ್ 2 ಮೀಟರ್ ಎತ್ತರ ಎಂದುಕೊಳ್ಳಿ. ಪರದೆಯಲ್ಲಿ ಅದು 1000 ಪಿಕ್ಸೆಲ್ ಉದ್ದ ಬಂದರೆ ಒಂದು ಪಿಕ್ಸೆಲ್ಲಿಗೆ 2 ಮಿಲಿಮೀಟರ್. ನಮ್ಮ ಧೂಳು 0.1 ಮಿಲಿಮೀಟರ್. ಅಂದರೆ ಒಂದು ಪಿಕ್ಸೆಲ್ಲಿನ 20ರಲ್ಲಿ ಒಂದು ಪಾಲು. ಇದ್ದ ಹಾಗೇ ಬರೆದರೆ ಏನೂ ಕಾಣುವುದಿಲ್ಲ. ಅದಕ್ಕೆ ಚುಕ್ಕಿಯನ್ನು ದೊಡ್ಡದು ಮಾಡಿ ಬರೆಯುತ್ತಾರೆ. 5 ಪಿಕ್ಸೆಲ್ ಚುಕ್ಕಿ ಎಂದರೆ ಮಿಲ್ಲಿನವರ ಕಣ್ಣಿಗೆ 1 ಸೆಂಟಿಮೀಟರಿನ ಗುಂಡು. ಆದ್ದರಿಂದ ಪ್ರತಿ ಚಿತ್ರದ ಕೆಳಗೂ ‘ಚುಕ್ಕಿ ಗುರುತಿಗೆ ಮಾತ್ರ, ಗಾತ್ರಕ್ಕಲ್ಲ’ ಎಂದು ಸೇರಿಸುತ್ತಿದ್ದೇನೆ.

ಅದಲ್ಲದೆ ಒಂದು ಚುಕ್ಕಿ ಒಂದೇ ಚೂರು ಎಂದೂ ಅಲ್ಲ. ನಿಜವಾದ ಧೂಳಿನಲ್ಲಿ ಕೋಟಿಗಟ್ಟಲೆ ಚೂರುಗಳು. ಅಷ್ಟನ್ನು ಲೆಕ್ಕ ಹಾಕಲು ಆಗದು ಎಂದು ಒಂದೇ ಥರದ ಬಹಳಷ್ಟು ಚೂರುಗಳ ಪರವಾಗಿ ಒಂದನ್ನು ಓಡಿಸುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಪಾರ್ಸೆಲ್ ಎನ್ನುತ್ತಾರೆ. ನಾನು ‘ಹಿಡಿ’ ಎಂದು ಇಟ್ಟಿದ್ದೇನೆ: ಒಂದು ಹಿಡಿ ಧೂಳು, ಒಂದು ಚುಕ್ಕಿ. ಇದು ಮಾತ್ರ ಎಲ್ಲರಿಗೂ ಹಿಡಿಸಿತು.

ಈಗ ಅಸಲಿ ತೊಡಕಿಗೆ ಬರುತ್ತೇನೆ. ಚೂರು ಗೋಡೆಗೆ ತಾಕಿದಾಗ ಏನಾಗಬೇಕು ಎಂದು ಸಾಫ್ಟ್‌ವೇರಿಗೆ ಮೊದಲೇ ಹೇಳಬೇಕು. ನಾವು ಬಳಸುವ ಕಾಮ್ಸಾಲ್ ಎಂಬ ಸಾಫ್ಟ್‌ವೇರಿನಲ್ಲಿ ಇದಕ್ಕೆ ಫ್ರೀಜ್, ಸ್ಟಿಕ್, ಬೌನ್ಸ್, ಡಿಸಪಿಯರ್ ಮುಂತಾದ ಆಯ್ಕೆಗಳಿವೆ. ಬೌನ್ಸ್‌ಗೆ ಪುಟಿ, ಡಿಸಪಿಯರ್‌ಗೆ ಮಾಯ. ಜಗಳವಿಲ್ಲ. ಫ್ರೀಜ್ ಮತ್ತು ಸ್ಟಿಕ್ ಎರಡರಲ್ಲೂ ಚೂರು ತಾಕಿದ ಜಾಗದಲ್ಲೇ ನಿಲ್ಲುತ್ತದೆ. ಚಿತ್ರದಲ್ಲಿ ಚುಕ್ಕಿಯ ಜಾಗಕ್ಕೆ ಒಂದಿಷ್ಟೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ವೇಗದಲ್ಲಿ. ಸ್ಟಿಕ್ ಆದರೆ ವೇಗ ಸೊನ್ನೆ ಆಗುತ್ತದೆ. ಫ್ರೀಜ್ ಆದರೆ ತಾಕಿದ ಗಳಿಗೆಯಲ್ಲಿ ಇದ್ದ ವೇಗ ಹಾಗೇ ದಾಖಲೆಯಲ್ಲಿ ಉಳಿಯುತ್ತದೆ. ಚುಕ್ಕಿ ನಿಂತಿದೆ, ಆದರೆ ‘ನಾನು ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಬಂದು ಬಡಿದೆ’ ಎಂದು ಹೇಳುತ್ತಿರುತ್ತದೆ.

ಇದು ಸುಮ್ನೆ ಕೂದಲು ಸೀಳುವ ಮಾತಲ್ಲ. ನಮಗೆ ಬೇಕಾದದ್ದು ಗೋಡೆ ಎಲ್ಲಿ ಬೇಗ ಸವೆಯುತ್ತದೆ ಎಂಬ ಚಿತ್ರ. ಗೋಡೆಯ ಮೇಲೆ ನಿಂತ ಚುಕ್ಕಿಗಳಿಗೆ ವೇಗದ ಬಣ್ಣ ಕೊಟ್ಟರೆ, ಬಾಯಿಯ ಎದುರಿನ ಗೋಡೆಯಲ್ಲಿ ಕೆಂಪು ಚುಕ್ಕಿಗಳ ಗುಂಪು ಕಾಣುತ್ತದೆ. ಅಲ್ಲಿಗೆ ದಪ್ಪ ತಗಡು ಹಾಕಬೇಕು. ಅದೇ ಲೆಕ್ಕವನ್ನು ಸ್ಟಿಕ್ ಇಟ್ಟು ಮಾಡಿದರೆ ಎಲ್ಲ ಚುಕ್ಕಿಯೂ ನೀಲಿ, ಎಲ್ಲ ವೇಗವೂ ಸೊನ್ನೆ. ನೋಡಿದವರು ಪೆಟ್ಟೇ ಇಲ್ಲ ಎಂದುಕೊಳ್ಳುತ್ತಾರೆ.

ಸ್ಟಿಕ್‌ಗೆ ‘ಅಂಟು’ ಸರಿ. ಫ್ರೀಜ್‌ಗೆ ಏನು? ಕಂಪ್ಯೂಟರಿನ ಯಂತ್ರಾನುವಾದ ‘ಹೆಪ್ಪುಗಟ್ಟು’ ಎಂದು ಕೊಟ್ಟಿತು. ಹೆಪ್ಪು ಅಂದರೆ ನಮಗೆ ಮೊಸರು, ಇಲ್ಲದಿದ್ದರೆ ರಕ್ತ. ಹೊಟ್ಟು ಗೋಡೆಗೆ ಬಡಿದು ಮೊಸರಾಗುವುದಿಲ್ಲ. ‘ಸ್ತಬ್ಧ’ ಎಂದರೆ ವೇಗ ಸೊನ್ನೆ ಎಂದೇ ಅರ್ಥ ಹೋಗುತ್ತದೆ, ಅದು ಸ್ಟಿಕ್‌ನ ಅರ್ಥ. ‘ಸ್ಥಗಿತ’ ಎಂದರೆ ಲಿಫ್ಟಿಗೆ ಹಾಕಿದ ಬೋರ್ಡು ನೆನಪಾಗುತ್ತದೆ. ‘ಮರಗಟ್ಟು’ ಚೆನ್ನಾಗಿದೆ, ಆದರೆ ಕಾಲಿಗೆ ಸಲ್ಲುತ್ತದೆ, ಧೂಳಿಗಲ್ಲ. ನಾನು ಚಿತ್ರದ ಕೆಳಗೆ ‘ಪೆಟ್ಟಿನ ಗುರುತು’ ಎಂದು ಬರೆದೆ. ಆ ಚುಕ್ಕಿ ಈಗ ಚೂರಲ್ಲ, ಬಡಿದದ್ದರ ಗುರುತು. ಹೆಸರುಪದವಾಗಿ ನಡೆಯಿತು. ಆದರೆ ತರಬೇತಿಯ ಕೈಪಿಡಿಯಲ್ಲಿ ಮೆನುವಿನ ಆಯ್ಕೆಯನ್ನು ವಿವರಿಸಬೇಕು, ಅಲ್ಲಿ ಕ್ರಿಯಾಪದ ಬೇಕು. ಪುಟಿ, ಅಂಟು, ಮಾಯವಾಗು, ಇವುಗಳ ಸಾಲಿನಲ್ಲಿ ಕೂರುವಂಥ ಒಂದು ಸಣ್ಣ ಪದ. ‘ತಾಕಿನಿಲ್ಲು’ ಎಂದು ಒಮ್ಮೆ ಬರೆದು ಅಳಿಸಿದೆ. ಅದರಲ್ಲಿ ವೇಗ ಉಳಿದ ಸುಳಿವು ಇಲ್ಲ.

ಫ್ಲೂಯೆಂಟ್ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ಪದಗಳೇ ಬೇರೆ: ರಿಫ್ಲೆಕ್ಟ್, ಟ್ರ್ಯಾಪ್, ಎಸ್ಕೇಪ್. ಕೊನೆಗೆ ಎಷ್ಟು ಸಿಕ್ಕವು, ಎಷ್ಟು ಹೊರಗೆ ಹೋದವು ಎಂದು ಪಟ್ಟಿ ಕೊಡುತ್ತದೆ. ‘ಸಿಕ್ಕಿದ್ದು’, ‘ಪಾರಾದದ್ದು’ ಸಾಕು. ಅದೇ ಪಟ್ಟಿಯಲ್ಲಿ ಇನ್‌ಕಂಪ್ಲೀಟ್ ಎಂದು ಇನ್ನೊಂದು ಸಾಲು ಬರುತ್ತದೆ. ಲೆಕ್ಕಕ್ಕೆ ಇಟ್ಟ ಹೆಜ್ಜೆಗಳು ಮುಗಿದರೂ ಇನ್ನೂ ಒಳಗೆ ಸುತ್ತುತ್ತಲೇ ಇರುವ ಚೂರುಗಳು ಇವು. ಸೈಕ್ಲೋನ್‌ನಲ್ಲಿ ಇಂಥವು ಬಂದೇ ಬರುತ್ತವೆ. ‘ಅಪೂರ್ಣ’ ಎಂದು ಬರೆದರೆ ನಮ್ಮ ಕೆಲಸವೇ ಅರ್ಧಕ್ಕೆ ನಿಂತಿದೆ ಎಂದು ಓದುತ್ತಾರೆ. ‘ಇನ್ನೂ ಸುತ್ತುತ್ತಿರುವುದು’ ಎಂದು ಬಿಡಿಸಿ ಬರೆದೆ, ಉದ್ದವಾದರೂ ಪರವಾಗಿಲ್ಲ.

ಕಾಮ್ಸಾಲ್‌ನ ಟ್ರಾನ್ಸ್‌ಮಿಶನ್ ಪ್ರಾಬಬಿಲಿಟಿಗೆ ‘ದಾಟುವ ಸಂಭವನೀಯತೆ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಬಿಟ್ಟದ್ದರಲ್ಲಿ ಎಷ್ಟು ಪಾಲು ದಾಟಿತು ಎಂಬುದಷ್ಟೇ ಅದು. ‘ದಾಟಿದ ಪಾಲು’ ಎಂದರೆ ಮುಗಿಯಿತು. ಒಂದು ಎಚ್ಚರಿಕೆ ಮಾತ್ರ ಜೊತೆಗೆ ಬೇಕು. 1000 ಬಿಟ್ಟು 20 ದಾಟಿದರೆ ಪಾಲು 2 ಪ್ರತಿಶತ, ಸರಿ. ಆದರೆ ಇನ್ನೊಮ್ಮೆ ಓಡಿಸಿದರೆ ಅದು 16 ಆಗಬಹುದು, 24 ಆಗಬಹುದು. 20ರ ವರ್ಗಮೂಲ ಸುಮಾರು 4.5, ಏರುಪೇರು ಅಷ್ಟಿರುತ್ತದೆ. ಆ 2ರ ಮುಂದೆ ಎರಡು ದಶಮಾಂಶ ಹಾಕಿ 2.00 ಎಂದು ಬರೆಯುವುದು ಬರೀ ಶೋಕಿ.

ಉಳಿದವನ್ನು ಬೇಗ ಹೇಳುತ್ತೇನೆ. ಕಾಮೆಟ್ ಟೇಲ್ ಎಂಬ ಚಿತ್ರದಲ್ಲಿ ಚುಕ್ಕಿಗೆ ಸಣ್ಣ ಬಾಲ ಬರುತ್ತದೆ, ಕನ್ನಡದಲ್ಲಿ ಬಾಲಚುಕ್ಕಿ ಮೊದಲೇ ಇದೆ, ಇದಕ್ಕೆ ಮಾಡಿಸಿದ ಹಾಗೆ. ರೆಸಿಡೆನ್ಸ್ ಟೈಮ್‌ಗೆ ‘ತಂಗುವ ಹೊತ್ತು’. ಫೇಸ್ ಪೋರ್ಟ್ರೇಟ್‌ಗೆ ಯಂತ್ರಾನುವಾದ ‘ಹಂತದ ಭಾವಚಿತ್ರ’ ಕೊಟ್ಟಿತು, ಮದುವೆ ಆಲ್ಬಮ್ಮಿಗೆ ಆಗಬಹುದು. ಒಂದು ಕಡೆ ಚೂರಿನ ಜಾಗ, ಇನ್ನೊಂದು ಕಡೆ ಅದರ ವೇಗ ಇಟ್ಟು ಬರೆಯುವ ಚಿತ್ರ ಅದು, ‘ಜಾಗ-ವೇಗ ಚಿತ್ರ’ ಎಂದು ಬಿಟ್ಟೆ. ಪ್ವಾಂಕಾರೆ ಮ್ಯಾಪ್‌ಗೆ ನಕ್ಷೆ ಎಂಬುದು ಸರಿಯಲ್ಲ ಎಂದು ನನ್ನ ಅನಿಸಿಕೆ. ಜಾಡುಗಳು ಒಂದು ಅಡ್ಡ ತಟ್ಟೆಯನ್ನು ಎಲ್ಲೆಲ್ಲಿ ತೂರಿ ಹೋದವು ಎಂಬ ಚುಕ್ಕಿಗಳು ಅವು. ‘ಅಡ್ಡಕೊಯ್ತದ ಚುಕ್ಕಿಗಳು’ ಎಂದು ಬರೆದಿದ್ದೇನೆ. ಇಂಜೆಕ್ಷನ್‌ಗೆ ‘ಚುಚ್ಚುಮದ್ದು’ ಬಂದದ್ದನ್ನು ಹೇಳುವುದೇ ಬೇಡ. ಗೆಳೆಯರು ಅಲ್ಲಿ ‘ತೂರು’ ಹಾಕಿ ಎಂದರು. ನಾನು ‘ಬಿಡು’ ಹಾಕಿದೆ. ತೂರು ಎಂದರೆ ಹಗುರ ಭಾರ ಬೇರೆಯಾಗುವುದೂ ಅದರೊಳಗೇ ಬಂದುಬಿಡುತ್ತದೆ, ಇಲ್ಲಿ ಬಾಯಿಂದ ಒಳಗೆ ಬಿಡುವುದಷ್ಟೇ.

ಬಣ್ಣದ ಪಟ್ಟಿಯ ಬಗ್ಗೆ ಒಂದು ಮಾತು. ಕಾಮನಬಿಲ್ಲಿನ ಪಟ್ಟಿಯಲ್ಲಿ ಕೆಂಪು ಎಂದರೆ ಜಾಸ್ತಿ, ಅಷ್ಟೇ. ಮಿಲ್ಲಿನಲ್ಲಿ ಕೆಂಪು ಎಂದರೆ ಅಪಾಯ. ಸವೆತದ ಚಿತ್ರದಲ್ಲಿ ಎರಡೂ ಒಂದೇ ಆಗುತ್ತದೆ, ಗಾಳಿಯ ಚಿತ್ರದಲ್ಲಿ ಆಗುವುದಿಲ್ಲ. ಗಾಳಿಗೆ ನೀಲಿಯಿಂದ ಹಳದಿಗೆ ಹೋಗುವ ಪಟ್ಟಿ ಬಳಸಿ ಈ ತಕರಾರು ತಪ್ಪಿಸಿದ್ದೇನೆ, ಪದ ಬೇಕಾಗಲೇ ಇಲ್ಲ.

ಹಾಗಾಗಿ ನನ್ನ ಕೇಳಿಕೆ ಎರಡು. ಬಡಿದಲ್ಲೇ ನಿಂತು, ಬಡಿದ ವೇಗವನ್ನು ಉಳಿಸಿಕೊಳ್ಳುವುದಕ್ಕೆ ನಿಮ್ಮ ಕಡೆ ಯಾವುದಾದರೂ ಕ್ರಿಯಾಪದ ಇದೆಯಾ? ಗೋಲಿ ಆಟದಲ್ಲೋ, ಕವಣೆಕಲ್ಲಿನ ಮಾತಿನಲ್ಲೋ, ಕಮ್ಮಾರರ ಮಾತಿನಲ್ಲೋ ಸಿಕ್ಕರೂ ಆದೀತು. ಇನ್ನೊಂದು, ಕರಾವಳಿ ಮತ್ತು ಹಳೆ ಮೈಸೂರು ಕಡೆಯವರು ‘ಜಾಡು’ ಎಂದರೆ ಇದೇ ಅರ್ಥ ಹಿಡಿಯುತ್ತೀರಾ? ಮುಂದಿನ ಸೈಕ್ಲೋನ್ ಶಿವಮೊಗ್ಗ ಕಡೆಯ ಅಕ್ಕಿ ಗಿರಣಿಗೆ ಹೋಗುವುದಿದೆ. ಅಲ್ಲಿ ತೌಡು, ಹೊಟ್ಟು ಎರಡೂ ಇರುತ್ತವೆ, ಚಿತ್ರದ ಬರಹ ಇದೇ ಇಟ್ಟುಕೊಳ್ಳಬಹುದೋ ಬೇಡವೋ ತಿಳಿಸಿ.